ಗುರುತು ಪತ್ತೆ ಪರೇಡ್: ಸಾಕ್ಷಿಯ ಕಣ್ಣನ್ನು ಎಷ್ಟು ನಂಬಬೇಕು, ಪೊಲೀಸರು ಹೇಗೆ ನಡೆದುಕೊಳ್ಳಬೇಕು?

ಶರಾವತಿ ಕಣಿವೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನವರು ಸಂಜೆ ದೇವಸ್ಥಾನದಿಂದ ಮನೆಗೆ ಬರುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಅವರ ಕೊರಳಿನ ಸರವನ್ನು ಕಿತ್ತುಕೊಂಡು ಹೋದರು. ಈಗ ಒಬ್ಬನನ್ನು ಬಂಧಿಸಿದ್ದಾರಂತೆ. ಕಾರಾಗೃಹದಲ್ಲಿ ತಹಶೀಲ್ದಾರರ ಸಮಕ್ಷಮ ಗುರುತು ಪತ್ತೆ ಪರೇಡ್ (ಬಂಧಿತನನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವುದು) ನಡೆಯಲಿದ್ದು, ಅದಕ್ಕೆ ಹಾಜರಾಗಬೇಕೆಂದು ಚಿಕ್ಕಮ್ಮನವರಿಗೆ ನೋಟಿಸ್ ಬಂದಿದೆ. ಹಿಂದೆ ಕುಳಿತಿದ್ದವನ ಮುಖವನ್ನು ಅವರು ಕಂಡದ್ದು ಒಂದೆರಡು ಕ್ಷಣ ಮಾತ್ರ. ಗುರುತಿಸದೆ ಹೋದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ, ತಪ್ಪಾಗಿ ಗುರುತಿಸಿದರೆ ಯಾರದೋ ಮಗ ಜೈಲು ಪಾಲಾಗುತ್ತಾನೆ ಎಂಬ ಸಂಕಟದಲ್ಲಿ ಅವರಿದ್ದಾರೆ. ಇದರ ನಡುವೆ ಠಾಣೆಯಿಂದ ಕರೆ ಮಾಡಿದವರೊಬ್ಬರು, ‘ಫೋಟೊ ಕಳುಹಿಸುತ್ತೇವೆ, ಒಮ್ಮೆ ನೋಡಿಟ್ಟುಕೊಳ್ಳಿ, ಅಲ್ಲಿ ಗಾಬರಿಯಾಗುವುದಿಲ್ಲ’ ಎಂದಿದ್ದಾರೆ. ಈ ಪರೇಡಿಗೆ ಕಾನೂನಿನಲ್ಲಿರುವ ಬೆಲೆ ಏನು, ಅದನ್ನು ಹೇಗೆ ನಡೆಸಬೇಕು, ಸಾಕ್ಷಿಯಾದವರು ಯಾವುದಕ್ಕೆ ಎಚ್ಚರ ವಹಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಕೋರ್ಟ್ ಹಾಲ್

ಮೊದಲು ತುರ್ತಿನ ಮಾತು: ಆ ಫೋಟೊವನ್ನು ಚಿಕ್ಕಮ್ಮನವರು ನೋಡಬಾರದು. ಈಗಾಗಲೇ ಬಂದಿದ್ದರೆ ತೆರೆಯದೆ ಹಾಗೆಯೇ ಉಳಿಸಿಕೊಳ್ಳಿ. ಅಳಿಸಲೂಬೇಡಿ, ಇನ್ನೊಬ್ಬರಿಗೆ ಕಳುಹಿಸಲೂಬೇಡಿ. ಫೋಟೊ ನೋಡಿದ ಸಾಕ್ಷಿಯು ಪರೇಡಿನಲ್ಲಿ ಬೊಟ್ಟು ಮಾಡಿ ತೋರಿಸುವುದು ಸರ ಕಿತ್ತವನನ್ನೋ ಫೋಟೊದಲ್ಲಿದ್ದವನನ್ನೋ ಎಂಬುದನ್ನು ಆಮೇಲೆ ಯಾವ ನ್ಯಾಯಾಧೀಶರೂ, ಸ್ವತಃ ಆ ಸಾಕ್ಷಿಯೂ ಬೇರ್ಪಡಿಸಿ ಹೇಳಲಾರರು. 2022ರಲ್ಲಿ ಗಿರೀಶನ್ ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೇಡಿಗೆ ಮೊದಲೇ ಆರೋಪಿಗಳನ್ನು ನೋಡುವ ಅವಕಾಶ ಸಾಕ್ಷಿಗಳಿಗೆ ಸಿಕ್ಕಿತ್ತು ಎಂಬ ಕಾರಣದಿಂದ ಆ ಗುರುತಿಸುವಿಕೆಯನ್ನು ನಂಬಲು ಒಪ್ಪಲಿಲ್ಲ. ಹೀಗಾಗಿ ಇದರಿಂದ ತನಿಖೆಗೂ ಉಪಕಾರವಾಗುವುದಿಲ್ಲ. ಬಂಧಿತನೇ ನಿಜವಾದ ಕಳ್ಳನಾಗಿದ್ದರೆ, ಅವನ ಖುಲಾಸೆಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಇನ್ನು ಕಾನೂನಿನ ವಿಷಯ. ಪರೇಡಿನಲ್ಲಿ ಗುರುತಿಸಿದ್ದು ಸ್ವತಂತ್ರ ಸಾಕ್ಷ್ಯವಲ್ಲ; ಅದು ತನಿಖೆ ಸರಿಯಾದ ದಾರಿಯಲ್ಲಿ ಸಾಗುತ್ತಿದೆಯೇ ಎಂಬುದನ್ನು ಪರೀಕ್ಷಿಸುವ ಸಾಧನ. ವಿಚಾರಣೆಯ ವೇಳೆ ಸಾಕ್ಷಿ ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ನ್ಯಾಯಾಲಯದಲ್ಲಿರುವ ಆರೋಪಿಯನ್ನು ಗುರುತಿಸುವುದೇ ಮೂಲ ಸಾಕ್ಷ್ಯವೆಂದೂ, ಪರೇಡ್ ಅದಕ್ಕೆ ಪುಷ್ಟಿ ನೀಡಬಲ್ಲದೆಂದೂ ಸುಪ್ರೀಂ ಕೋರ್ಟ್ 1970ರ ಬುದ್ಧಸೇನ್ ಪ್ರಕರಣದಿಂದ ಇತ್ತೀಚಿನವರೆಗೂ ಹೇಳುತ್ತಲೇ ಬಂದಿದೆ. 1979ರ ಕಣ್ಣನ್ ಪ್ರಕರಣದಲ್ಲಿ, ಮೊದಲು ಪರಿಚಯವೇ ಇಲ್ಲದ ವ್ಯಕ್ತಿಯನ್ನು ಪರೇಡ್ ಇಲ್ಲದೆ ನೇರವಾಗಿ ನ್ಯಾಯಾಲಯದಲ್ಲಿ ಗುರುತಿಸಿದರೆ ಅದಕ್ಕೆ ಬೆಲೆಯಿಲ್ಲ ಎಂದಿತು. 2003ರ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಮಾತ್ರ, ಪರೇಡ್ ನಡೆಯಲಿಲ್ಲವೆಂಬ ಒಂದೇ ಕಾರಣಕ್ಕೆ ನ್ಯಾಯಾಲಯದೊಳಗಿನ ಗುರುತಿಸುವಿಕೆ ಅನೂರ್ಜಿತವಾಗುವುದಿಲ್ಲ, ಅದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಆಯಾ ಪ್ರಕರಣದ ಸಂಗತಿಗಳಿಗೆ ಬಿಟ್ಟದ್ದು ಎಂದಿತು. ಈ ಎರಡು ನಿಲುವುಗಳ ನಡುವಿನ ಜಾಗದಲ್ಲಿಯೇ ನಮ್ಮ ಕೆಳ ನ್ಯಾಯಾಲಯಗಳ ಪಾಟೀಸವಾಲುಗಳು ದಿನವೂ ನಡೆಯುತ್ತವೆ.

ಪೊಲೀಸರು ಅಲ್ಲಿ ಇರಬಾರದೇಕೆ ಎಂಬುದಕ್ಕೂ ಹಳೆಯ ತೀರ್ಪಿದೆ. ಪೊಲೀಸರ ಸಮ್ಮುಖದಲ್ಲಿ ಬೆರಳು ತೋರಿಸುವುದೂ ಪೊಲೀಸರಿಗೆ ಕೊಟ್ಟ ಹೇಳಿಕೆಯೇ ಆಗುತ್ತದೆ, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1955ರ ರಾಮಕಿಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರೇಡುಗಳು ಠಾಣೆಯಿಂದ ಕಾರಾಗೃಹಕ್ಕೆ, ತನಿಖಾಧಿಕಾರಿಯ ಕೈಯಿಂದ ದಂಡಾಧಿಕಾರಿಯ ಕೈಗೆ ಹೋದದ್ದರ ಹಿಂದಿರುವ ತರ್ಕ ಇದು.

ನಿವೃತ್ತ ತಹಶೀಲ್ದಾರ್

ತಾಲ್ಲೂಕು ದಂಡಾಧಿಕಾರಿಯಾಗಿ ಇಂತಹ ಪರೇಡುಗಳನ್ನು ನಡೆಸಿರುವುದರಿಂದ, ಅಲ್ಲಿ ಏನೇನು ಆಗಬೇಕೆಂಬುದನ್ನು ಬರೆಯುತ್ತೇನೆ.

ತನಿಖಾಧಿಕಾರಿಯ ಕೋರಿಕೆ ಬಂದ ಮೇಲೆ ದಂಡಾಧಿಕಾರಿ ದಿನ ಗೊತ್ತುಮಾಡಿ, ಸಾಕ್ಷಿಗಳಿಗೂ ಕಾರಾಗೃಹಕ್ಕೂ ತಿಳಿಸುತ್ತಾರೆ. ಆರೋಪಿಯ ಜೊತೆ ನಿಲ್ಲಿಸುವವರನ್ನು ಸಾಮಾನ್ಯವಾಗಿ ವಿಚಾರಣಾಧೀನ ಕೈದಿಗಳಿಂದಲೇ ಆರಿಸಲಾಗುತ್ತದೆ. ಪರೇಡಿನ ಪ್ರಾಮಾಣಿಕತೆಯ ಬಹುಪಾಲು ಈ ಆಯ್ಕೆಯಲ್ಲಿಯೇ ಇದೆ. ವಯಸ್ಸು, ಎತ್ತರ, ಮೈಕಟ್ಟು, ಮೈಬಣ್ಣ, ಗಡ್ಡ-ಮೀಸೆ ಇವುಗಳಲ್ಲಿ ಹೊಂದಿಕೆ ಇರಬೇಕು. ಸಾಕ್ಷಿಯು ತನ್ನ ಮೊದಲ ಹೇಳಿಕೆಯಲ್ಲಿ ‘ಗುಂಗುರು ಕೂದಲಿನವನು’ ಎಂದಿದ್ದು, ಸಾಲಿನಲ್ಲಿ ಗುಂಗುರು ಕೂದಲಿರುವುದು ಒಬ್ಬನಿಗೆ ಮಾತ್ರ ಎಂದಾದರೆ, ಅಪರಾಧವನ್ನೇ ನೋಡದ ದಾರಿಹೋಕನೂ ಆ ಹೇಳಿಕೆಯೊಂದನ್ನು ಓದಿ ಆರೋಪಿ ಯಾರೆಂದು ಹೇಳಿಬಿಡಬಲ್ಲ. ಒಬ್ಬ ಆರೋಪಿಗೆ ಕನಿಷ್ಠ ಆರು ಮಂದಿ ಬೇರೆಯವರಿರಬೇಕೆಂದು ಬಾಂಬೆ ಹೈಕೋರ್ಟಿನ ಕ್ರಿಮಿನಲ್ ಮ್ಯಾನುಯಲ್ ಹೇಳುತ್ತದೆ. ಇನ್ನೂ ಹೆಚ್ಚು ಮಂದಿ ಇದ್ದಷ್ಟೂ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇಬ್ಬರು ಮೂವರು ಆರೋಪಿಗಳನ್ನು ಒಂದೇ ಸಾಲಿನಲ್ಲಿ ಸೇರಿಸಿ ಕೆಲಸ ಮುಗಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಂದಾಜಿನಲ್ಲಿ ಒಬ್ಬನನ್ನು ತೋರಿಸಿದರೂ ಅದು ‘ಸರಿ’ಯಾಗಿಬಿಡುವ ಸಾಧ್ಯತೆ ಅಲ್ಲಿ ಹೆಚ್ಚುತ್ತದೆ.

ಆರೋಪಿಯ ಮುಖದ ಮೇಲೆ ಗಾಯದ ಕಲೆಯಿದ್ದರೆ, ಎಲ್ಲರ ಮುಖದ ಅದೇ ಜಾಗಕ್ಕೂ ಕಾಗದದ ಚೂರನ್ನೋ ಪಟ್ಟಿಯನ್ನೋ ಅಂಟಿಸಬೇಕು. ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಆರೋಪಿಯೇ ಆರಿಸಿಕೊಳ್ಳಲು ಬಿಡಬೇಕು. ಒಬ್ಬ ಸಾಕ್ಷಿ ಬಂದು ಹೋದ ಮೇಲೆ ಜಾಗವನ್ನೂ, ಬಯಸಿದರೆ ಅಂಗಿಯನ್ನೂ ಬದಲಾಯಿಸಲು ಅವಕಾಶ ಕೊಡಬೇಕು. ನೋಡಿ ಮುಗಿಸಿದ ಸಾಕ್ಷಿ ಇನ್ನೂ ನೋಡಬೇಕಾದವರ ಜೊತೆ ಬೆರೆಯದಂತೆ ಬೇರೆ ಕೋಣೆಯಲ್ಲಿ ಕೂರಿಸಬೇಕು. ಜೈಲು ಸಿಬ್ಬಂದಿ ಕಣ್ಣಳತೆಯಲ್ಲಿ ಇರಬಾರದು. ಏನಾದರೂ ಆಕ್ಷೇಪಣೆ ಇದೆಯೇ ಎಂದು ಆರೋಪಿಯನ್ನು ಕೇಳಿ, ‘ನನ್ನನ್ನು ಠಾಣೆಯಲ್ಲೇ ತೋರಿಸಿದ್ದಾರೆ’ ಎಂದರೆ ಆ ಮಾತನ್ನು ಇದ್ದ ಹಾಗೆಯೇ ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಸಾಕ್ಷಿ ಬೇರೊಬ್ಬನನ್ನು ತೋರಿಸಿದರೆ ಅದನ್ನೂ, ಯಾರನ್ನೂ ತೋರಿಸದಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ದಾಖಲಿಸಬೇಕು. ಗುರುತಿಸಲಾಗದ ಪರೇಡ್ ವಿಫಲವಾದ ಪರೇಡ್ ಅಲ್ಲ. ಅದೂ ತನಿಖೆಗೆ ಒಂದು ಉತ್ತರವೇ.

ಮನೋವಿಜ್ಞಾನ ಮೇಷ್ಟ್ರು

ಮೇಲಿನ ಇಬ್ಬರೂ ವಿಧಾನದ ಬಗ್ಗೆ ಹೇಳಿದ್ದಾರೆ. ವಿಧಾನ ಏಕೆ ಇಷ್ಟು ಮುಖ್ಯವೆಂಬುದು ಸಾಕ್ಷಿಯ ನೆನಪು ಕೆಲಸ ಮಾಡುವ ರೀತಿಯಲ್ಲಿದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದ್ದರೂ, ಕಣ್ಣಾರೆ ಕಂಡವರು ತಪ್ಪು ಹೇಳುವುದು ಸುಳ್ಳು ಹೇಳುವಾಗ ಮಾತ್ರ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ನಡೆದ ಅತ್ಯಾಚಾರ ಪ್ರಕರಣವನ್ನು ಗಮನಿಸಿ. ಸಂತ್ರಸ್ತೆಯಾದ ವಿದ್ಯಾರ್ಥಿನಿ, ಬದುಕುಳಿದರೆ ಇವನನ್ನು ಗುರುತಿಸಲೇಬೇಕೆಂಬ ಸಂಕಲ್ಪದಿಂದ ಆ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದರು. ಪೊಲೀಸರು ತೋರಿಸಿದ ಫೋಟೊಗಳಲ್ಲಿ ಅವರು ರೊನಾಲ್ಡ್ ಕಾಟನ್ ಎಂಬಾತನನ್ನು ಆರಿಸಿದರು. ಬಳಿಕ ನಿಜವಾದ ಮನುಷ್ಯರನ್ನು ಸಾಲಾಗಿ ನಿಲ್ಲಿಸಿದಾಗಲೂ ಆತನನ್ನೇ ಆರಿಸಿದರು. ಫೋಟೊಗಳಲ್ಲಿಯೂ ಸಾಲಿನಲ್ಲಿಯೂ ಇದ್ದವನು ಆತನೊಬ್ಬನೇ. ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ಆಮೇಲೆ ಪೊಲೀಸರು ಹೇಳಿದಾಗ ಅವರ ಅನುಮಾನವೆಲ್ಲ ಹೋಯಿತು. ಎರಡನೆಯ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಅವರ ಎದುರು ತಂದು ನಿಲ್ಲಿಸಿದಾಗ, ಇವನನ್ನು ಎಂದೂ ನೋಡಿಲ್ಲ ಎಂದರು. 1995ರಲ್ಲಿ ಡಿಎನ್‌ಎ ಪರೀಕ್ಷೆ ಕಾಟನ್ ನಿರಪರಾಧಿ ಎಂದು ತೋರಿಸುವಷ್ಟರಲ್ಲಿ ಆತ 10 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು. ಆ ಹೆಣ್ಣುಮಗಳು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮೊದಲ ಆಯ್ಕೆಯಾದ ಮೇಲೆ ಅವರ ನೆನಪಿನಲ್ಲಿದ್ದ ಮುಖವೇ ಬದಲಾಗಿತ್ತು.

ಇದನ್ನು ಪ್ರಯೋಗದಲ್ಲಿಯೂ ತೋರಿಸಲಾಗಿದೆ. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಅವರು ಜನರಿಗೆ ಅಂಗಡಿಯ ಕ್ಯಾಮೆರಾದಂತಹ ದೃಶ್ಯವನ್ನು ತೋರಿಸಿ, ಆ ವ್ಯಕ್ತಿ ಇಲ್ಲವೇ ಇಲ್ಲದ ಫೋಟೊಗಳ ಗುಂಪಿನಿಂದ ಅವನನ್ನು ಆರಿಸಲು ಹೇಳಿದರು. ಅಂದರೆ ಆರಿಸಿದವರೆಲ್ಲರದೂ ತಪ್ಪೇ. ಅವರಲ್ಲಿ ಕೆಲವರಿಗೆ ‘ಒಳ್ಳೆಯದು, ನೀವು ಶಂಕಿತನನ್ನೇ ಗುರುತಿಸಿದಿರಿ’ ಎಂಬ ಒಂದು ಮಾತನ್ನು ಹೇಳಲಾಯಿತು. ಆ ಮಾತನ್ನು ಕೇಳಿದವರು ತಮಗಿದ್ದ ಖಚಿತತೆ ಹೆಚ್ಚಾಗಿತ್ತು ಎಂದಷ್ಟೇ ಅಲ್ಲ, ಆ ಮುಖ ತಮಗೆ ಚೆನ್ನಾಗಿ ಕಂಡಿತ್ತು, ತಾವು ಹೆಚ್ಚು ಗಮನವಿಟ್ಟಿದ್ದೆವು ಎಂದೂ ಹೇಳತೊಡಗಿದರು. ನಮ್ಮ ನ್ಯಾಯಾಲಯಗಳಲ್ಲಿ ವರ್ಷಗಳ ನಂತರ ಸಾಕ್ಷಿಯನ್ನು ‘ನಿಮಗೆ ಖಚಿತವೇ?’ ಎಂದು ಕೇಳಿದಾಗ ಸಿಗುವ ಉತ್ತರ ಇಂತಹ ಎಷ್ಟು ಮಾತುಗಳನ್ನು ದಾಟಿ ಬಂದಿರುತ್ತದೆ ಎಂಬುದನ್ನು ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಆದ್ದರಿಂದ ಸಂಶೋಧಕರು ಒತ್ತಿ ಹೇಳುವುದು ಮುಖ್ಯವಾಗಿ ಇಷ್ಟು: ಪರೇಡ್ ನಡೆಸುವವರಿಗೆ ಸಾಲಿನಲ್ಲಿ ಶಂಕಿತ ಯಾರೆಂಬುದೇ ತಿಳಿದಿರಬಾರದು, ಏಕೆಂದರೆ ಗೊತ್ತಿರುವವರ ಕಣ್ಣು, ದನಿ, ಒಂದು ಕ್ಷಣದ ಮೌನ ಕೂಡ ಸುಳಿವು ಕೊಡುತ್ತದೆ. ‘ಅಪರಾಧಿ ಈ ಸಾಲಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು’ ಎಂದು ಸಾಕ್ಷಿಗೆ ಮೊದಲೇ ತಿಳಿಸಬೇಕು. ತೋರಿಸಿದ ಕೂಡಲೇ, ಬೇರೆ ಯಾರೂ ಬಾಯಿ ತೆರೆಯುವ ಮೊದಲು, ಎಷ್ಟು ಖಚಿತವೆಂಬುದನ್ನು ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು.

ಖಾಕಿ ನೆನಪು

ನಾನು ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ತಾವೆಲ್ಲರೂ ಹೇಳಿದ್ದನ್ನು ಗೌರವದಿಂದ ಓದಿದ್ದೇನೆ, ಆದರೆ ತನಿಖಾಧಿಕಾರಿಯ ಕಷ್ಟವನ್ನೂ ಯಾರಾದರೂ ಹೇಳಬೇಕು. ಹೆಸರು ಗೊತ್ತಿಲ್ಲದ ಆರೋಪಿಯನ್ನು ಹುಡುಕಲು ಹೊರಟಾಗ ಹಳೆಯ ಆರೋಪಿಗಳ ಫೋಟೊಗಳನ್ನೋ ಸಿಸಿಟಿವಿ ದೃಶ್ಯವನ್ನೋ ಸಾಕ್ಷಿಗೆ ತೋರಿಸದೆ ತನಿಖೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ದಂಡಾಧಿಕಾರಿಗಳಿಗೆ ಚುನಾವಣೆ, ಬರ, ಪ್ರವಾಹ, ಕಂದಾಯ ಎಂಬ ನೂರು ಕೆಲಸಗಳಿರುವುದರಿಂದ ದಿನಾಂಕ ಸಿಗುವುದೇ ತಡವಾಗುತ್ತದೆ, ಆ ತಡವನ್ನು ಪಾಟೀಸವಾಲಿನಲ್ಲಿ ನಮ್ಮ ತಲೆಗೆ ಕಟ್ಟುತ್ತಾರೆ. ಬಂಧನದ ದಿನವೇ ಟಿವಿ ವಾಹಿನಿಗಳಲ್ಲಿ ಆರೋಪಿಯ ಮುಖ ಬಂದುಬಿಟ್ಟರೆ ಮುಂದಿನ ಪರೇಡಿಗೆ ಅರ್ಥವಿರುವುದಿಲ್ಲ. ಮುಖಕ್ಕೆ ಮುಸುಕು ಹಾಕಿ ಕರೆತರಬೇಕೆಂಬ ಎಚ್ಚರ ಇರುವ ಅಧಿಕಾರಿಗಳು ಇದ್ದಾರೆ, ಆದರೆ ಮುಸುಕು ಹಾಕುವ ಮೊದಲೇ ಯಾರದೋ ಮೊಬೈಲಿನಿಂದ ಚಿತ್ರ ಹೊರಗೆ ಹೋಗಿರುತ್ತದೆ. ಮೇಷ್ಟ್ರು ಹೇಳಿದ ಹಾಗೆ ‘ಶಂಕಿತ ಯಾರೆಂದು ತಿಳಿಯದ ಅಧಿಕಾರಿ’ ಸಣ್ಣ ಠಾಣೆಯಲ್ಲಿ ಎಲ್ಲಿಂದ ಬರಬೇಕು?

ಇಷ್ಟು ಹೇಳಿದ ಮೇಲೂ, ಪರೇಡಿನ ಮುನ್ನಾದಿನ ಒಂದೇ ಒಂದು ಫೋಟೊವನ್ನು ಕಳುಹಿಸಿ ‘ನೋಡಿಟ್ಟುಕೊಳ್ಳಿ’ ಎನ್ನುವುದನ್ನು ನಾನು ಸಮರ್ಥಿಸುವುದಿಲ್ಲ. ಅದು ತನಿಖೆಯಲ್ಲ.

ಕೋರ್ಟ್ ಹಾಲ್

ಖಾಕಿ ನೆನಪು ಸರ್, ತಮ್ಮ ಮಾತಿನಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ಅಡಗಿದೆ, ಅದನ್ನು ಎತ್ತಿ ಹೇಳುತ್ತೇನೆ. ಶಂಕಿತನೇ ಇಲ್ಲದಿರುವಾಗ ಹುಡುಕುವುದಕ್ಕಾಗಿ ಫೋಟೊ ತೋರಿಸುವುದು ಬೇರೆ, ಶಂಕಿತ ಕೈಗೆ ಸಿಕ್ಕ ಮೇಲೆ ದೃಢಪಡಿಸಲು ಫೋಟೊ ತೋರಿಸುವುದು ಬೇರೆ. ಮೊದಲನೆಯದು ತನಿಖೆಗೆ ಅನಿವಾರ್ಯವಾಗಬಹುದು. ಜೆಸ್ಸಿಕಾ ಲಾಲ್ ಹತ್ಯೆ ಪ್ರಕರಣದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಫೋಟೊ ಮೂಲಕ ಗುರುತಿಸುವುದೂ ಪರೇಡೂ ತನಿಖೆಗೆ ನೆರವಾಗುವ ಸಾಧನಗಳೇ ಹೊರತು ಮೂಲ ಸಾಕ್ಷ್ಯವಲ್ಲ ಎಂದು ಹೇಳಿದೆ. ಆದರೆ ಆಗಲೂ ಹಲವು ಫೋಟೊಗಳನ್ನು ಒಟ್ಟಿಗೆ ತೋರಿಸಿ, ಯಾವ ಯಾವ ಫೋಟೊಗಳನ್ನು ಯಾವ ದಿನ ಯಾರಿಗೆ ತೋರಿಸಲಾಯಿತು ಎಂಬುದನ್ನು ಕೇಸ್ ಡೈರಿಯಲ್ಲಿ ಬರೆದಿಡಬೇಕು. ಇಬ್ಬರು ಸಾಕ್ಷಿಗಳಿದ್ದರೆ ಹುಡುಕಾಟಕ್ಕೆ ಒಬ್ಬರ ನೆರವನ್ನು ಪಡೆದು, ಇನ್ನೊಬ್ಬರನ್ನು ಪರೇಡಿಗಾಗಿ ಉಳಿಸಿಕೊಳ್ಳುವುದು ಜಾಣತನ.

ಆರೋಪಿಯ ಕಡೆಯಿಂದಲೂ ಈ ವಿಷಯಕ್ಕೆ ಈಗ ಹೆಚ್ಚಿನ ತೂಕ ಬಂದಿದೆ. ‘ನನ್ನನ್ನು ಈಗಾಗಲೇ ಸಾಕ್ಷಿಗೆ ತೋರಿಸಿದ್ದಾರೆ’ ಎಂಬ ಕಾರಣ ಕೊಟ್ಟು ಪರೇಡಿಗೆ ನಿಲ್ಲಲು ನಿರಾಕರಿಸುವುದು ರೂಢಿಯಲ್ಲಿತ್ತು. 2023ರ ಮುಕೇಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೇಡಿಗೆ ನಿಲ್ಲುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ, ಸಂವಿಧಾನದ 20(3)ನೇ ವಿಧಿಯ ಹೆಸರಿನಲ್ಲಿ ನಿರಾಕರಿಸುವಂತಿಲ್ಲ ಎಂದು ಹೇಳಿತು. ಹೀಗೆ ಆರೋಪಿ ನಿಲ್ಲಲೇಬೇಕು ಎಂದಾದ ಮೇಲೆ, ನಿಲ್ಲಿಸುವ ಕ್ರಮ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಸರ್ಕಾರದ್ದೇ ಆಗುತ್ತದೆ.

ಲೀಡ್ಸ್ ಕನ್ನಡಿಗ

ಸಣ್ಣ ಠಾಣೆಯಲ್ಲಿ ಅಂತಹ ಅಧಿಕಾರಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಕಂಡುಕೊಂಡಿರುವ ಪರಿಹಾರವನ್ನು ತಿಳಿಸುತ್ತೇನೆ. ಇಲ್ಲಿ ಈಗ ಬಹುತೇಕ ಗುರುತಿಸುವಿಕೆಗಳು ವಿಡಿಯೊ ಮೂಲಕವೇ ನಡೆಯುತ್ತವೆ. ಶಂಕಿತನು ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಚಿಕ್ಕ ದೃಶ್ಯವನ್ನು ಚಿತ್ರೀಕರಿಸಿ, ಅವನನ್ನು ಹೋಲುವ ಕನಿಷ್ಠ 8 ಮಂದಿಯ ಅದೇ ಬಗೆಯ ದೃಶ್ಯಗಳ ಜೊತೆ ಸೇರಿಸಿ ಸಾಕ್ಷಿಗೆ ತೋರಿಸುತ್ತಾರೆ. ಹೋಲುವವರ ದೊಡ್ಡ ಸಂಗ್ರಹ ಸಿದ್ಧವಾಗಿರುವುದರಿಂದ ಜನರನ್ನು ಹುಡುಕಿ ತರುವ ತೊಂದರೆಯಿಲ್ಲ. ಇದನ್ನು ನಡೆಸುವ ಅಧಿಕಾರಿ ಆ ಪ್ರಕರಣದ ತನಿಖೆಯಲ್ಲಿ ಭಾಗಿಯಾಗಿರುವಂತಿಲ್ಲ. ಶಂಕಿತನ ವಕೀಲರು ಚಿತ್ರಗಳನ್ನು ಮೊದಲೇ ನೋಡಿ ಆಕ್ಷೇಪಿಸಬಹುದು. ಇವೆಲ್ಲ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯಡಿ ಹೊರಡಿಸಿದ ‘ಕೋಡ್ ಡಿ’ ಎಂಬ ಸಂಹಿತೆಯಲ್ಲಿವೆ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. ಅಡಾಲ್ಫ್ ಬೆಕ್ ಎಂಬಾತನನ್ನು ಹಲವು ಮಹಿಳೆಯರು ತಮಗೆ ಮೋಸ ಮಾಡಿದವನು ಇವನೇ ಎಂದು ಗುರುತಿಸಿದ್ದರಿಂದ 1896ರಲ್ಲಿ ಶಿಕ್ಷೆಯಾಯಿತು, 1904ರಲ್ಲಿ ಅದೇ ರೀತಿ ಮತ್ತೊಮ್ಮೆ ಆತ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಮೋಸಗಾರ ಬೇರೊಬ್ಬನೆಂದು ಬಯಲಾದ ಮೇಲೆ ಎದ್ದ ಕೂಗಿನಿಂದಾಗಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವೇ ಹುಟ್ಟಿಕೊಂಡಿತು. 1976ರಲ್ಲಿ ಕಣ್ಣಾರೆ ಕಂಡವರ ಗುರುತಿಸುವಿಕೆಯನ್ನು ಪರಿಶೀಲಿಸಿದ ಡೆವ್ಲಿನ್ ಸಮಿತಿಯ ವರದಿ ಬಂತು. ಅದೇ ವರ್ಷದ ಟರ್ನ್‌ಬುಲ್ ತೀರ್ಪಿನ ನಂತರ, ಗುರುತಿಸುವಿಕೆಯನ್ನೇ ನೆಚ್ಚಿಕೊಂಡ ಪ್ರಕರಣಗಳಲ್ಲಿ ‘ಪ್ರಾಮಾಣಿಕ ಸಾಕ್ಷಿಯೂ ತಪ್ಪಬಹುದು’ ಎಂದು ನ್ಯಾಯಾಧೀಶರು ಜ್ಯೂರಿಗೆ ಎಚ್ಚರಿಕೆ ನೀಡಲೇಬೇಕಾಯಿತು. ನಮ್ಮಲ್ಲಿ ಮೂಲ ಸಾಕ್ಷ್ಯವೆನಿಸಿರುವ, ನ್ಯಾಯಾಲಯದಲ್ಲಿಯೇ ಆರೋಪಿಯತ್ತ ಬೆರಳು ತೋರಿಸುವ ಕ್ರಮವನ್ನು ಇಲ್ಲಿ ಸಾಧ್ಯವಾದಷ್ಟು ದೂರವಿಡುತ್ತಾರೆ. ಪೊಲೀಸರ ನಡುವೆ ಆರೋಪಿಯ ಜಾಗದಲ್ಲಿ ಕುಳಿತವನನ್ನು ‘ಅವನೇ’ ಎನ್ನುವುದರಲ್ಲಿ ಯಾವ ಪರೀಕ್ಷೆಯೂ ಇಲ್ಲ ಎಂಬುದು ಇದಕ್ಕೆ ಕಾರಣ. ಕಣ್ಣನ್ ಪ್ರಕರಣದ ನಿಲುವು ಇದಕ್ಕೆ ಹತ್ತಿರವಿದೆ, ಅದೇ ಸರಿ ಎಂದು ನನಗನ್ನಿಸುತ್ತದೆ.

ಕಾನೂನು ವಿದ್ಯಾರ್ಥಿನಿ

ಮೇಷ್ಟ್ರೇ, ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದಕ್ಕಿಂತ ಒಬ್ಬೊಬ್ಬರನ್ನಾಗಿ ತೋರಿಸುವುದು ಉತ್ತಮವೆಂದು ತರಗತಿಯಲ್ಲಿ ಕೇಳಿದ್ದೇನೆ. ಅದು ನಿಜವೇ?

ಮನೋವಿಜ್ಞಾನ ಮೇಷ್ಟ್ರು

ಅದರ ಬಗ್ಗೆ ಒಮ್ಮತವಿಲ್ಲಮ್ಮ. ಒಟ್ಟಿಗೆ ನೋಡಿದಾಗ ಸಾಕ್ಷಿ ‘ಇವರಲ್ಲಿ ಯಾರು ಹೆಚ್ಚು ಹೋಲುತ್ತಾರೆ’ ಎಂದು ಹೋಲಿಸಿ ಆರಿಸುತ್ತಾನೆ, ಒಬ್ಬೊಬ್ಬರನ್ನೇ ತೋರಿಸಿದರೆ ಪ್ರತಿಯೊಬ್ಬರನ್ನೂ ನೆನಪಿನ ಜೊತೆಗೆ ತಾಳೆ ನೋಡುತ್ತಾನೆ ಎಂಬ ವಾದ 1985ರ ಲಿಂಡ್ಸೆ ಮತ್ತು ವೆಲ್ಸ್ ಅವರ ಪ್ರಯೋಗದಿಂದ ಬಲಗೊಂಡಿತು. ಉತ್ತರ ಕ್ಯಾರೊಲೈನಾ 2007ರಲ್ಲಿ ಮಾಡಿದ ಕಾನೂನು ಅದೇ ಕ್ರಮವನ್ನು ಕಡ್ಡಾಯಗೊಳಿಸಿತು. ಆದರೆ ಒಬ್ಬೊಬ್ಬರನ್ನೇ ತೋರಿಸಿದಾಗ ನಿಜವಾದ ಅಪರಾಧಿಯನ್ನು ಬಿಟ್ಟುಬಿಡುವ ಸಾಧ್ಯತೆಯೂ ಹೆಚ್ಚುತ್ತದೆ ಎಂದು ಮುಂದಿನ ಸಂಶೋಧಕರು ವಾದಿಸಿದರು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಯ ಸಮಿತಿ ಯಾವುದೇ ಒಂದರ ಪರವಾಗಿ ತೀರ್ಪು ಕೊಡಲಿಲ್ಲ. ಅದೇ ಸಮಿತಿ ಶಂಕಿತನನ್ನು ಅರಿಯದವರೇ ಪರೇಡ್ ನಡೆಸಬೇಕು, ಎಲ್ಲವನ್ನೂ ವಿಡಿಯೊ ಮಾಡಬೇಕು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಶಿಫಾರಸು ಮಾಡಿತು.

ಶರಾವತಿ ಕಣಿವೆ

ಎಲ್ಲರಿಗೂ ಕೃತಜ್ಞತೆಗಳು. ಠಾಣೆಯಿಂದ ಫೋಟೊ ಬಂದಿದೆ, ಚಿಕ್ಕಮ್ಮನವರು ಅದನ್ನು ತೆರೆದಿಲ್ಲ. ಇನ್ನೊಂದು ಸಂದೇಹ: ಅಲ್ಲಿ ಹೋಗಿ ನೋಡಿದಾಗ ‘ಇರಬಹುದು’ ಎಂಬಷ್ಟೇ ಅನ್ನಿಸಿದರೆ ಅವರು ಏನು ಹೇಳಬೇಕು?

ನಿವೃತ್ತ ತಹಶೀಲ್ದಾರ್

ಅನ್ನಿಸಿದ್ದನ್ನೇ ಹೇಳಬೇಕು. ‘ಇವನ ಹಾಗೆ ಕಾಣುತ್ತದೆ, ಆದರೆ ಖಚಿತವಿಲ್ಲ’ ಎಂದರೆ ಆ ಮಾತನ್ನೇ ಬರೆದುಕೊಳ್ಳುವಂತೆ ದಂಡಾಧಿಕಾರಿಯನ್ನು ವಿನಯದಿಂದ ಕೇಳಲಿ, ಸಹಿ ಹಾಕುವ ಮೊದಲು ಓದಿಸಿ ಕೇಳಿಕೊಳ್ಳಲಿ. ಯಾರನ್ನಾದರೂ ತೋರಿಸಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಫೋಟೊ ಬಂದಿರುವ ವಿಷಯವನ್ನು, ತೆರೆದಿಲ್ಲವೆಂಬುದನ್ನೂ ಸೇರಿಸಿ, ಸಾಲನ್ನು ನೋಡುವ ಮೊದಲೇ ಅವರಿಗೆ ತಿಳಿಸಲಿ. ಹಾಗೆ ಹೇಳಿದ್ದರಿಂದ ತಮಗೆ ತೊಂದರೆಯಾದೀತೆಂಬ ಅಂಜಿಕೆ ಬೇಡ.

ಕೋರ್ಟ್ ಹಾಲ್

ಇದಕ್ಕೆ ಸೇರಿಸಬೇಕಾದದ್ದು ವಿಡಿಯೊ ಚಿತ್ರೀಕರಣದ ವಿಷಯ. ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಂ ಪ್ರಕಾರ, ಗುರುತಿಸುವ ಸಾಕ್ಷಿಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯವಿದ್ದರೆ ಮಾತ್ರ ದಂಡಾಧಿಕಾರಿಯ ಮೇಲ್ವಿಚಾರಣೆಯೂ ಧ್ವನಿ-ದೃಶ್ಯ ಮುದ್ರಣವೂ ಕಡ್ಡಾಯ. ಅದೇ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಲೇಬೇಕು ಎನ್ನುತ್ತದೆ. ಜಪ್ತಿಯಾದ ಬೈಕಿಗೆ ಇರುವ ರಕ್ಷಣೆ ಸಾಲಿನಲ್ಲಿ ನಿಂತ ಮನುಷ್ಯನಿಗೆ ಇಲ್ಲದಿರುವುದು ದೊಡ್ಡ ಕೊರತೆ, ಅದನ್ನು ಶಾಸಕಾಂಗವೇ ತುಂಬಬೇಕು.

ಅಲ್ಲಿಯವರೆಗೂ ಸುಮ್ಮನೆ ಕೂರಬೇಕಾಗಿಲ್ಲ. ಬಂಧಿತನನ್ನು ಗುರುತಿಸುವಿಕೆಗೆ ಒಳಪಡಿಸಲು ‘ನ್ಯಾಯಾಲಯವು ಸೂಕ್ತವೆಂದು ಭಾವಿಸುವ ರೀತಿಯಲ್ಲಿ’ ನಿರ್ದೇಶಿಸುವ ಅಧಿಕಾರವನ್ನು ಅದೇ 54ನೇ ಕಲಂ ಕೊಟ್ಟಿದೆ. ಠಾಣಾಧಿಕಾರಿಯು ಅನುಮತಿ ಕೋರಿದ ದಿನವೇ ಆರೋಪಿಯ ಪರ ವಕೀಲರು, ಉಚಿತ ಕಾನೂನು ನೆರವಿನ ವಕೀಲರೂ ಸೇರಿದಂತೆ, ಒಂದು ಪುಟದ ಅರ್ಜಿ ಹಾಕಿ ಪೂರ್ತಿ ಚಿತ್ರೀಕರಣವನ್ನೂ, ಸಾಕ್ಷಿಗೆ ಮೊದಲು ಯಾವುದೇ ಫೋಟೊ ತೋರಿಸಿಲ್ಲವೆಂಬ ತನಿಖಾಧಿಕಾರಿಯ ಲಿಖಿತ ಹೇಳಿಕೆಯನ್ನೂ, ಖಚಿತತೆಯನ್ನು ಸಾಕ್ಷಿಯ ಮಾತಿನಲ್ಲೇ ದಾಖಲಿಸುವುದನ್ನೂ ಷರತ್ತುಗಳಾಗಿ ಕೇಳಬಹುದು. ಪ್ರಾಸಿಕ್ಯೂಷನ್ ಕೂಡ ಇದೇ ಷರತ್ತುಗಳನ್ನು ತಾನಾಗಿ ಕೇಳಬಹುದು, ಏಕೆಂದರೆ ವಿಚಾರಣೆಯಲ್ಲಿ ಆ ಪರೇಡನ್ನು ಉಳಿಸಿಕೊಳ್ಳಬೇಕಾದವರು ಅವರೇ. ಕರಡು ಅರ್ಜಿ ಬೇಕಾದವರು ಇಲ್ಲಿಯೇ ಕೇಳಿ, ಹಾಕುತ್ತೇನೆ.